ಊಟ ಎಂಟೂವರೆಗೆ, ಭಾಷಣ ಎಷ್ಟೊತ್ತು?

ಕಾರ್ಯದರ್ಶಿ: ರಾಜ್ಯೋತ್ಸವದ ಮುಖ್ಯ ಅತಿಥಿಗಳಿಗೆ ಎಷ್ಟು ಹೊತ್ತು ಕೊಡೋಣ ಮೇಷ್ಟ್ರೇ? ವಿಷಯ ದೊಡ್ಡದು, ಕನ್ನಡ ನಾಡಿನ ಇತಿಹಾಸ.

ಮೇಷ್ಟ್ರು: ವಿಷಯ ನೋಡಿ ಹೊತ್ತು ಕೊಟ್ರೆ, ಕದಂಬರಿಂದ ಹೊರಟು ಹೊಯ್ಸಳರನ್ನ ಮುಟ್ಟೋಷ್ಟರಲ್ಲಿ ಪಲ್ಯ ಹಳಸಿರುತ್ತೆ. ಊಟ ಎಂಟೂವರೆಗೆ ತಾನೆ? ಅಲ್ಲಿಂದ ಹಿಂದಕ್ಕೆ ಎಣಿಸ್ರೀ.

ಸುಮಾ: ಆಹ್ವಾನ ಪತ್ರಿಕೇಲಿ ಆರು ಗಂಟೆ ಅಂತಿದೆ. ಅಂದ್ರೆ ಆರೂವರೆ. ಕೈಲಿರೋದು 120 ನಿಮಿಷ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ದೀಪ ಸೇರಿ 16.

ಮಂಜ: ನಾಡಗೀತೆ ಒಂದೇ ಆರು ನಿಮಿಷ ಎಳೀತಾರಲ್ಲಕ್ಕ!

ಸುಮಾ: ಈಗಿಲ್ಲ ಮಾರಾಯ. 2022ರಲ್ಲೇ ಸರ್ಕಾರ ಎರಡೂವರೆ ನಿಮಿಷ ಅಂತ ಆದೇಶ ಮಾಡಿದೆ.

ಮಂಜ: ಭಾಷಣಕ್ಕೂ ಒಂದು ಆದೇಶ ಮಾಡಿಬಿಟ್ಟಿದ್ರೆ!

ಮೇಷ್ಟ್ರು: ಆದೇಶ ಹೊರಡಿಸೋರೇ ಭಾಷಣಕಾರರು ಕಣೋ. ದೀಪಕ್ಕೆ ಮೊದಲೇ ಬತ್ತಿ ಎಣ್ಣೇಲಿ ನೆನೆಸಿ, ತುದಿಗೆ ಕರ್ಪೂರದ ಪುಡಿ ಹಚ್ಚಿಡಿ, ಫ್ಯಾನ್ ಆರಿಸಿ. ಇಲ್ಲಾಂದ್ರೆ ಐವರು ಗಣ್ಯರು, ಒಂದು ಬೆಂಕಿಪೊಟ್ಟಣ, ಹತ್ತು ನಿಮಿಷ.

ಸುಮಾ: ಮಕ್ಕಳ ನೃತ್ಯ ನಾಲ್ಕು, ನಡುವೆ ಮಕ್ಕಳು ಹತ್ತಿ ಇಳಿಯೋದೂ ಸೇರಿ 28. ಮೂವರಿಗೆ ಸನ್ಮಾನ 15. ಬಹುಮಾನ 15. ವಂದನಾರ್ಪಣೆ, 52 ಸೆಕೆಂಡಿನ ರಾಷ್ಟ್ರಗೀತೆ ಸೇರಿ 4. ಒಟ್ಟು 78. ಉಳಿದಿದ್ದು 42.

ಕಾರ್ಯದರ್ಶಿ: ಹಾಗಾದ್ರೆ ಅತಿಥಿಗಳಿಗೆ 42!

ಮೇಷ್ಟ್ರು: ಅಧ್ಯಕ್ಷರು ಸುಮ್ಮನೆ ಕೂತಿರ್ತಾರಾ? ಮೊದಲು 10 ನಿಮಿಷ ಯಾರಿಗೂ ಹೇಳದೆ ಬಚ್ಚಿಡಿ, ಕರೆಂಟು, ಮೈಕು, ತಡವಾಗಿ ಬರೋ ಶಾಸಕರಿಗೆ. ಮಿಕ್ಕ 32ರಲ್ಲಿ ಉದ್ಘಾಟಕರಿಗೆ 10, ಮುಖ್ಯ ಅತಿಥಿಗೆ 15, ಅಧ್ಯಕ್ಷರಿಗೆ 7.

ಕಾರ್ಯದರ್ಶಿ: 15 ನಿಮಿಷ ಅಂದ್ರೆ ಅವಮಾನ ಮಾಡಿದಂಗೆ ಆಗಲ್ವಾ?

ಮೇಷ್ಟ್ರು: 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಮುಖ್ಯ ಭಾಷಣಕಾರ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದ. ಲಿಂಕನ್‌ಗೆ ಕೇಳಿದ್ದೇ ಒಂದೆರಡು ಮಾತು. ಆತ ಅದನ್ನ ನಿಜ ಅಂತ ನಂಬಿ ಸುಮಾರು 270 ಪದದಲ್ಲಿ ಮುಗಿಸಿದ. ಎವರೆಟ್ ಹೆಸರು ಈಗ ನಾನು ಹೇಳಿದ್ದಕ್ಕೆ ನಿಮಗೆ ಗೊತ್ತಾಯ್ತು.

ಮಂಜ: ನಮ್ಮ ದೇಶದ ಪ್ರತಿನಿಧಿ ಕೃಷ್ಣ ಮೆನನ್ ವಿಶ್ವಸಂಸ್ಥೇಲಿ ಎಂಟು ಗಂಟೆ ಮಾತಾಡಿರಲಿಲ್ವಾ?

ಮೇಷ್ಟ್ರು: 1957ರಲ್ಲಿ, ಕಾಶ್ಮೀರದ ಬಗ್ಗೆ, ಎರಡು ದಿನಕ್ಕೆ ಹಂಚಿ. ಭದ್ರತಾ ಮಂಡಳಿಯೋರು ಎದ್ದು ಹೋಗೋ ಹಾಗಿರಲಿಲ್ಲ. ನಮ್ಮ ಜನಕ್ಕೆ ಸಾಂಬಾರಿನ ವಾಸನೆ ಬರ್ತಿರುತ್ತೆ.

ಸುಮಾ: ಫೋನಲ್ಲಿ "ಎರಡು ಮಾತಾಡಿ ಸಾರ್" ಅನ್ನಬೇಡಿ. "7:10ಕ್ಕೆ ಮೈಕ್, 7:25ಕ್ಕೆ ಸನ್ಮಾನ ಶುರು" ಅಂತ ಗಡಿಯಾರದ ಲೆಕ್ಕದಲ್ಲಿ ಹೇಳಿ. ಅದನ್ನೇ ವಾಟ್ಸಾಪಲ್ಲೂ ಹಾಕಿ.

ಕಾರ್ಯದರ್ಶಿ: 15 ನಿಮಿಷಕ್ಕೆ ಎಷ್ಟು ಪುಟ ಬರಕೊಂಡು ಬರಬೇಕು ಅಂತ ಕೇಳಿದ್ರೆ?

ಮೇಷ್ಟ್ರು: ಇಂಗ್ಲಿಷಿನವರ ನಿಮಿಷಕ್ಕೆ 130, 150 ಪದದ ಲೆಕ್ಕ ನಮಗೆ ಒಗ್ಗಲ್ಲ. "ಹೋಗಬೇಕಾಗಿತ್ತಂತೆ" ಅನ್ನೋದು ನಮಗೆ ಒಂದೇ ಪದ. ಬರೆದಿದ್ದನ್ನ ನಿಂತು, ಗಟ್ಟಿಯಾಗಿ, ಎರಡು ನಿಮಿಷ ಓದಿ ಪದ ಎಣಿಸಬೇಕು. ಅದರ ಅರ್ಧವೇ ಒಂದು ನಿಮಿಷದ ಅಳತೆ. ಮನಸ್ಸಲ್ಲೇ ಓದಿದ್ರೆ ಬೇಗ ಮುಗಿಯುತ್ತೆ, ವೇದಿಕೇಲಿ ಮೋಸ ಹೋಗ್ತಾರೆ. ಬರೀಬೇಕಾದ್ದು 12 ನಿಮಿಷದ್ದು ಮಾತ್ರ. "ವೇದಿಕೆಯನ್ನಲಂಕರಿಸಿರುವ" ಅಂತ ಏಳು ಜನರನ್ನ ಬಿರುದು ಸಮೇತ ಕರೆಯೋದಕ್ಕೇ ಎರಡು ನಿಮಿಷ ಹೋಗುತ್ತೆ, ಚಪ್ಪಾಳೆಗೆ ಒಂದು.

ಸುಮಾ: ಅಷ್ಟರಲ್ಲಿ ಮೂರು ಅಂಶ ಸಾಕು. ಎರಡನೇದನ್ನ ರೈಲಿನ ಬೋಗಿ ಥರ ಕಳಚೋಕೆ ಬರೋ ಹಾಗೆ ಇಟ್ಟಿರಬೇಕು. ಹೊತ್ತು ಮೀರಿದ್ರೆ ಅದನ್ನ ಬಿಟ್ಟು ನೇರ ಮೂರನೇದಕ್ಕೆ. ಎಲ್ಲಾನೂ ಹೇಳಲೇಬೇಕು ಅಂತ ಕೊನೇದನ್ನ ಓಡಿಸಿದ್ರೆ ಒಂದೂ ತಲೆಗೆ ಹೋಗಲ್ಲ.

ಮಂಜ: ಸ್ಲೈಡ್ ತಂದ್ರೆ?

ಸುಮಾ: ಒಂದಕ್ಕೆ ಎರಡು ನಿಮಿಷ ಅಂದ್ಕೋ, ಆರು ಸಾಕು. ನಲವತ್ತು ತಂದ್ರೆ ಭಾಷಣ ಪೂರ್ತಿ "ಮುಂದೆ, ಮುಂದೆ, ಹಾಂ, ಒಂದು ಹಿಂದೆ". ಕೇಬಲ್ ಐದೂವರೆಗೇ ಚುಚ್ಚಿ ನೋಡಿರು.

ಕಾರ್ಯದರ್ಶಿ: ಇಷ್ಟಾದ್ರೂ ನಿಲ್ಲಿಸದೆ ಹೋದ್ರೆ? ಚೀಟಿ ಕೊಡ್ತೀವಲ್ಲ.

ಮೇಷ್ಟ್ರು: ಚೀಟಿ ಎರಡು ಥರ ಕೆಡುತ್ತೆ. ಸಣ್ಣಕ್ಷರದಲ್ಲಿದ್ರೆ ಕನ್ನಡಕ ಹುಡುಕೋಕೆ ಒಂದು ನಿಮಿಷ. ಸಮಯ ಮೀರಿದ ಮೇಲೆ ಕೊಟ್ರೆ, "ಸಂಘಟಕರು ಚೀಟಿ ಕಳಿಸಿದ್ದಾರೆ" ಅಂತ ಆ ಚೀಟಿ ಬಗ್ಗೆಯೇ ಐದು ನಿಮಿಷ. ಭಾಷಣ ಕಲಿಸೋ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನವರು 5ರಿಂದ 7 ನಿಮಿಷದ ಭಾಷಣಕ್ಕೆ ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ದೀಪ ತೋರಿಸ್ತಾರೆ. ಅದೇ ಸರಿ, ಎಚ್ಚರಿಕೆ ಮೊದಲೇ ಬರಬೇಕು. ಐದು ನಿಮಿಷ ಉಳಿದಾಗ ಮುಂದಿನ ಸಾಲಲ್ಲಿ ಒಬ್ಬರು ಸ್ಕೆಚ್ ಪೆನ್ನಲ್ಲಿ ಅಂಗೈಯಗಲ "5" ಬರೆದ ರಟ್ಟು ಹಿಡೀಲಿ, ಎರಡು ಉಳಿದಾಗ "2". ಮೊದಲೇ ಭಾಷಣಕಾರರಿಗೂ ತಿಳಿಸಿರಿ.

ಮಂಜ: ನಾನು ಮೈಕ್ ಸಣ್ಣ ಮಾಡ್ಲಾ?

ಮೇಷ್ಟ್ರು: ಬೇಡಪ್ಪ! ಕೇಳಿಸ್ತಿಲ್ಲ ಅಂತ ಮೊದಲಿಂದ ಶುರು ಮಾಡ್ತಾರೆ.

ಸುಮಾ: ವಂದನಾರ್ಪಣೆಗೆ ಮೂರೇ ನಿಮಿಷ. ಹೆಸರು ಹತ್ತು ಮೀರಬಾರದು, ಉಳಿದವರೆಲ್ಲ "ಸಮಸ್ತರು".

ಕಾರ್ಯದರ್ಶಿ: ಶಾಮಿಯಾನದವರನ್ನೂ ಸಮಸ್ತರಿಗೇ ಸೇರಿಸೋಣ.

ಮಂಜ: ಸೇರಿಸಿ. ಆದ್ರೆ ಅವರಿಗೆ ಇನ್ನೂ ಬಾಕಿ ದುಡ್ಡು ಕೊಟ್ಟಿಲ್ಲ, ವಂದನಾರ್ಪಣೆ ಮುಗಿಯೋದ್ರೊಳಗೆ ಕುರ್ಚಿ ಎತ್ತಿರ್ತಾರೆ.

ಮೇಷ್ಟ್ರು: ಹಾಗಿದ್ರೆ ಅವರಿಗೆ ಅಧ್ಯಕ್ಷರ ಭಾಷಣ ಎಷ್ಟೊತ್ತಿಗೆ ಅಂತ ಮೊದಲೇ ಹೇಳಿಡು.