ಮೆಲ್ಬರ್ನ್ ಮಳೆನೀರು ಸುರಂಗ: ಆಕಾಶ ತಿಳಿಯಾಗಿದ್ದರೆ ಸಾಕಾ?

ಪ್ರಶ್ನೆ: ಇಲ್ಲಿನ ಕೇವ್ ಕ್ಲ್ಯಾನ್ ತಂಡ 1986ರಿಂದ ಇಂಥ ಸುರಂಗ ಸುತ್ತುತ್ತಿದೆ. ಮಳೆ ಬಂದರೆ ಇಳಿಯಬಾರದು ಅನ್ನೋದು ಅವರ ಮುಖ್ಯ ನಿಯಮ. ಬಿಸಿಲಿದ್ದರೆ ಇಳಿಯಬಹುದಾ? ಒಳಗಿನ ಗಾಳಿ ಪರೀಕ್ಷಿಸೋ ಗ್ಯಾಸ್ ಮೀಟರ್ ಬೇಕೇ ಬೇಕಾ?

ಉತ್ತರ 1: ನಿಮ್ಮ ತಲೆ ಮೇಲಿನ ಬಿಸಿಲು ಲೆಕ್ಕಕ್ಕಿಲ್ಲ. ನೀರು ಬರೋದು ಮೇಲಿನ ಬಡಾವಣೆಗಳಿಂದ, ಹವಾಮಾನ ರೇಡಾರ್‌ನಲ್ಲಿ ಅಲ್ಲಿ ಮಳೆ ಇದೆಯಾ ನೋಡಿ. ಡಾಂಬರು, ಕಾಂಕ್ರೀಟು ನೀರು ಹೀರಲ್ಲ. ನಿಮಿಷಗಳಲ್ಲೇ ಮಟ್ಟ ಏರುತ್ತೆ. ಒಳಗೆ ಇದ್ದಕ್ಕಿದ್ದಂತೆ ಗಾಳಿ ನುಗ್ಗಿದರೆ, ನೀರಿನ ಸದ್ದು ಬದಲಾದರೆ ಹತ್ತಿರದ ದಾರಿಯಿಂದ ಹೊರಗೆ ಬನ್ನಿ. ಮೊಣಕಾಲು ಮಟ್ಟದ ರಭಸಕ್ಕೇ ಕಾಲು ಕೀಳುತ್ತೆ, ತಳದಲ್ಲಿ ಪಾಚಿ ಬೇರೆ.

ಉತ್ತರ 2: ಮೀಟರ್ ಬೇಕು, ನಾಲ್ಕು ಗ್ಯಾಸ್ ಅಳೆಯುವಂಥದ್ದು. ಆಮ್ಲಜನಕ 19.5%ಕ್ಕಿಂತ ಇಳಿದರೆ ಅಥವಾ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ 10 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 10 ಪಾಲು) ಮುಟ್ಟಿದರೆ ವಾಪಸ್. ಅದರ ಕೊಳೆತ ಮೊಟ್ಟೆ ವಾಸನೆ ನಂಬಬೇಡಿ, 100 ಪಿಪಿಎಂ ಹೊತ್ತಿಗೆ ಮೂಗೇ ಕೆಲಸ ನಿಲ್ಲಿಸುತ್ತೆ. ನಿಂತ ಕೆಸರು ತುಳಿದಾಗ ಗ್ಯಾಸ್ ಒಮ್ಮೆಲೇ ಏಳುತ್ತೆ. ಮಲಚರಂಡಿಗಂತೂ ಮೀಟರ್ ಇದ್ದರೂ ಇಳಿಯಬೇಡಿ.

ಉತ್ತರ 3: ಅನುಮತಿ ಇಲ್ಲದೆ ಇಳಿದರೆ ದಂಡ ಬೀಳಬಹುದು, ಅದೂ ಗೊತ್ತಿರಲಿ. ಊರಿಗೆ ಬಂದಾಗ ತುಮಕೂರು ಜಿಲ್ಲೆಯ ಮಾರ್ಕೋನಹಳ್ಳಿ ಅಣೆಕಟ್ಟೆಯ ಸೈಫನ್ (ಹೆಚ್ಚಾದ ನೀರು ಹೊರಹಾಕೋ ಕೊಳವೆ) ಬಾಯಿಗೆ ಇಳಿಯೋ ಯೋಚನೆಯೂ ಬೇಡ. ಅದು ಗೇಟಲ್ಲ, ಜಲಾಶಯ ಗೊತ್ತಾದ ಮಟ್ಟ ಮುಟ್ಟಿದೊಡನೆ ತಾನೇ ನೀರು ಎಳೆಯಲು ಶುರುಮಾಡುತ್ತೆ.