ಸಣ್ಣ ಹೈಬ್ರಿಡ್ಡಿಗೆ ಹಗುರ ವೀಲ್: ನೀವು ಕೇಳಿ, ಚಕ್ರಪಾಣಿ ಹೇಳ್ತಾರೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ವೀಲು, ಟೈರಿನ ಕೆಲಸದಲ್ಲೇ ಕೂದಲು ಬೆಳ್ಳಗಾದ ನಮ್ಮ ಚಕ್ರಪಾಣಿ (ಹೆಸರು ಗುಂಪಿನವರೇ ಇಟ್ಟದ್ದು) ಈ ಸಂಜೆ ಪ್ರಶ್ನೆಗಳಿಗೆ ಉತ್ತರ ಕೊಡ್ತಾರೆ. ವಿಷಯ: ಸಣ್ಣ ಹೈಬ್ರಿಡ್ ಕಾರಿಗೆ ಹಗುರವಾದ ವೀಲ್ ಮತ್ತು ಟೈರ್. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಚಕ್ರಪಾಣಿ: ನಮಸ್ಕಾರ. ಕೇಳುವಾಗ ಈಗಿರುವ ಟೈರ್ ಸೈಜು, ಸ್ಟೀಲ್ ಡಿಸ್ಕೋ ಅಲಾಯೋ, ಎರಡನ್ನೂ ಬರೆಯಿರಿ. ಬರೀ ‘ಯಾವ ಅಲಾಯ್ ಚೆನ್ನಾಗಿರುತ್ತೆ’ ಅಂದರೆ ನಾನು ಜ್ಯೋತಿಷಿ ಅಲ್ಲ.

ಬೆಳ್ಳಿಗಾಡಿ: ಸರ್, 175/65 ಆರ್ 15, ಸ್ಟೀಲ್ ಡಿಸ್ಕ್. ಮನೆಯ ತೂಕದ ಯಂತ್ರದ ಮೇಲೆ ಇಟ್ಟು ನೋಡಿದೆ, ಟೈರ್ ಸಮೇತ 15.8 ಕೆ.ಜಿ. ಇದಕ್ಕಿಂತ 2 ಕೆ.ಜಿ. ಕಡಿಮೆ ಬರುವ ಅಲಾಯ್ ನೋಡಿಟ್ಟಿದ್ದೇನೆ. ನಾಲ್ಕರಿಂದ 8 ಕೆ.ಜಿ. ಮೈಲೇಜ್ ಎಷ್ಟು ಏರಬಹುದು?

ಚಕ್ರಪಾಣಿ: ತೂಗಿ ಕೇಳಿದ್ದೀರಿ, ಅದಕ್ಕೇ ಲೆಕ್ಕ ಹಾಕಿ ಹೇಳ್ತೀನಿ. ವೀಲ್ ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಹಾಗಾಗಿ ರಿಮ್ಮಿನಲ್ಲಿ ಕಡಿಮೆಯಾದ ಒಂದು ಕೆ.ಜಿ. ಡಿಕ್ಕಿಯಲ್ಲಿ ಕಡಿಮೆಯಾದ ಒಂದೂವರೆ ಕೆ.ಜಿ.ಗೆ ಸಮ ಅನ್ನಿ. ನಿಮ್ಮ 8 ಈಗ 12 ಆಯಿತು. 12 ಕೆ.ಜಿ.ಯನ್ನು ಗಂಟೆಗೆ 50 ಕಿ.ಮೀ. ವೇಗಕ್ಕೆ ತರಲು ಸುಮಾರು 1,150 ಜೂಲ್ ಬೇಕು. 100 ಕಿ.ಮೀ. ದಾರಿಯಲ್ಲಿ ನೂರು ಸಲ ನಿಂತು ಹೊರಟಿರಿ ಅಂತಲೇ ಇಟ್ಟುಕೊಳ್ಳಿ, 1.15 ಲಕ್ಷ ಜೂಲ್. ಅದರಲ್ಲೂ ಒಂದು ಪಾಲನ್ನು ಬ್ರೇಕ್ ಒತ್ತಿದಾಗ ಮೋಟರ್ ಬ್ಯಾಟರಿಗೆ ವಾಪಸ್ ತುಂಬುತ್ತೆ, ಹೈಬ್ರಿಡ್ ಅಲ್ವಾ.

ಈಗ ಟೈರಿಗೆ ಬನ್ನಿ. ಉರುಳುವಾಗ ಟನ್ನಿಗೆ 10 ಕೆ.ಜಿ. ತಡೆ ಒಡ್ಡುವ ಟೈರ್ ತೆಗೆದು 7 ಕೆ.ಜಿ. ಒಡ್ಡುವುದನ್ನು ಹಾಕಿದರೆ 1,100 ಕೆ.ಜಿ. ಕಾರಿಗೆ ಅದೇ 100 ಕಿ.ಮೀ.ನಲ್ಲಿ ಉಳಿಯೋದು ಸುಮಾರು 32 ಲಕ್ಷ ಜೂಲ್. ಪೆಟ್ರೋಲಿನಲ್ಲಿ ಕಾಲು ಲೀಟರಿನ ಆಸುಪಾಸು. ಒಂದೂಕಾಲು ಲಕ್ಷವೂ ಇಲ್ಲದ್ದಕ್ಕೆ ಅಲಾಯ್ ಹುಡುಕಿ, 32 ಲಕ್ಷದ ಟೈರನ್ನು ಅಂಗಡಿಯವ ಕೊಟ್ಟದ್ದು ಹಾಕಿಸಿಕೊಂಡು ಬರ್ತಾರೆ ಜನ. ಯುರೋಪಿನ ಲೇಬಲ್ ಇರುವ ಟೈರ್ ಆದರೆ ಇಂಧನದ ಸಾಲಿನಲ್ಲಿ ‘ಎ’ ಅಂದರೆ ಟನ್ನಿಗೆ 6.5 ಕೆ.ಜಿ. ಅಥವಾ ಕಡಿಮೆ, ‘ಇ’ ಅಂದರೆ 10.6 ಅಥವಾ ಹೆಚ್ಚು. ಪಕ್ಕದಲ್ಲೇ ಒದ್ದೆ ರಸ್ತೆಯ ಹಿಡಿತದ ಅಕ್ಷರವೂ ಇರುತ್ತೆ, ಅದನ್ನು ಬಿಟ್ಟು ಇದೊಂದನ್ನೇ ನೋಡಬೇಡಿ.

ಅಲಾಯ್ ಬೇಡ ಅನ್ನುತ್ತಿಲ್ಲ. ಹಗುರ ವೀಲ್ ಹೊಂಡಕ್ಕೆ ಬಿದ್ದಾಗ ಬೇಗ ಎದ್ದು ನೆಲ ಹಿಡಿಯುತ್ತೆ, ಕಾರು ಚುರುಕಾಗಿ ತಿರುಗುತ್ತೆ. ಅದಕ್ಕೋಸ್ಕರ ಹಾಕಿಸಿ. ಮೈಲೇಜಿಗೆ ಅಂತ ಹಾಕಿಸಬೇಡಿ.

ಬೆಳ್ಳಿಗಾಡಿ: ಧನ್ಯವಾದ ಸರ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಸವಿಗಾಳಿ: ಮೇಷ್ಟ್ರೇ, ನಂದೂ 15 ಇಂಚು. 16 ಇಂಚು ಹಾಕಬಹುದಾ? ನೋಡೋಕೆ ತುಂಬಿಕೊಂಡ ಹಾಗಿರುತ್ತೆ.

ಚಕ್ರಪಾಣಿ: 185/55 ಆರ್ 16 ಕೂರುತ್ತೆ. 175/65 ಆರ್ 15ರ ಎತ್ತರ 608 ಮಿ.ಮೀ., ಇದರದ್ದು 610. ಸ್ಪೀಡೋಮೀಟರ್ ಸುಳ್ಳು ಹೇಳಲ್ಲ. ಆದರೆ ದೊಡ್ಡ ವೀಲಿನ ಬೆಲೆ ಮೈಲೇಜಿನಲ್ಲಿ ಕಟ್ಟುತ್ತೀರಿ. ಹ್ಯುಂಡೈ ತನ್ನ ಅಯೋನಿಕ್ ಹೈಬ್ರಿಡ್ಡಿಗೆ 15 ಇಂಚಿನಲ್ಲಿ ಕಿ.ಮೀ.ಗೆ 79 ಗ್ರಾಂ ಇಂಗಾಲದ ಡೈಆಕ್ಸೈಡ್ ಅಂತ ಕೊಟ್ಟಿತ್ತು, ಅದೇ ಕಾರು 17 ಇಂಚಿನಲ್ಲಿ 92. ತುಂಬಿಕೊಂಡ ಹಾಗೆ ಕಾಣೋದಕ್ಕೆ ಅಷ್ಟು ಖರ್ಚು.

ಮಳೆಹನಿ: ಸರ್, ವೀಲ್ ಬದಲಾಯಿಸಿಲ್ಲ, ಟೈರ್ ಮಾತ್ರ ಹೊಸದು, ಅದೇ ಕಂಪನಿ, ಅದೇ ಮಾಡೆಲ್. ಆದರೂ ಲೀಟರಿಗೆ ಒಂದೂವರೆ ಕಿ.ಮೀ. ಕಡಿಮೆ ಆಗಿದೆ. ನಕಲಿ ಟೈರ್ ಕೊಟ್ಟಿರಬಹುದಾ?

ಚಕ್ರಪಾಣಿ: ಇಲ್ಲ ಮೇಡಂ. ಹೊಸ ಟೈರಿನಲ್ಲಿ 7–8 ಮಿ.ಮೀ. ರಬ್ಬರ್ ಇರುತ್ತೆ, ಪ್ರತಿ ಸುತ್ತಿಗೂ ಅಷ್ಟೂ ಮಡಚಿ ಬಿಚ್ಚಿಕೊಳ್ಳಬೇಕು. ಸವೆದ ಟೈರೇ ಸಲೀಸಾಗಿ ಉರುಳೋದು. ಜೊತೆಗೆ ಸವೆದ ಟೈರ್ ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ಹೊಡೆಯುತ್ತೆ, ಮೀಟರ್ ಹೆಚ್ಚು ಕಿ.ಮೀ. ತೋರಿಸುತ್ತೆ. ಕಳೆದುಹೋಯಿತು ಅನ್ನುವ ಮೈಲೇಜಿನಲ್ಲಿ ಸ್ವಲ್ಪ ಮೊದಲೂ ಇರಲಿಲ್ಲ. ಗಾಳಿ ನೋಡಿ, ಒಂದೆರಡು ಸಾವಿರ ಕಿ.ಮೀ. ಓಡಿಸಿ.

ಹಸಿರುಎಲೆ: ಕಾರಿನ ಜೊತೆ ಬಂದ ಸ್ಟೆಪ್ನಿ 14 ಇಂಚು. ಅಲಾಯ್ 15 ಹಾಕಿದ ಮೇಲೆ ಅದು ನಡೆಯುತ್ತಾ?

ಜ್ಞಾನಗಂಗೆ: *ಎಲ್ಲರಿಗೂ ತಲುಪಿಸಿ* ಟೈರಿಗೆ ನೈಟ್ರೋಜನ್ ತುಂಬಿಸಿದರೆ ವೀಲ್ 1 ಕೆ.ಜಿ. ಹಗುರ, ಮೈಲೇಜ್ 15% ಹೆಚ್ಚು, ಟೈರ್ ಜೀವಮಾನದಲ್ಲಿ ಒಡೆಯಲ್ಲ!!

ಚಕ್ರಪಾಣಿ: ಒಂದು ಟೈರಿನೊಳಗಿನ ಇಡೀ ಗಾಳಿಯ ತೂಕವೇ ಸುಮಾರು 120 ಗ್ರಾಂ. ಅದರಲ್ಲಿ 1 ಕೆ.ಜಿ. ಹೇಗೆ ಉಳಿಸ್ತೀರಿ? ಗಾಳಿಯಲ್ಲಿ 78% ಆಗಲೇ ನೈಟ್ರೋಜನ್. ಉಳಿದದ್ದನ್ನೂ ಬದಲಾಯಿಸಿದರೆ ಸಿಗೋದು ನಾಲ್ಕು ಗ್ರಾಂ. ಅಡ್ಮಿನ್ ಮೊದಲೇ ಹೇಳಿದ್ದರು.

ಜ್ಞಾನಗಂಗೆ: ನಾನು ಬರೆದದ್ದಲ್ಲ ಸರ್, ಬಂದದ್ದನ್ನು ಹಾಕಿದೆ.

ಚಕ್ರಪಾಣಿ: ಅದೇ ತೊಂದರೆ.

ಒಂಟಿಸವಾರ: ಸರ್, ಹಳೇ ಹೋಂಡಾ ಹೈಬ್ರಿಡ್, ನಾಲ್ಕು ನಟ್ಟಿನದು. ಮೂರು ವಾರದ ಹಿಂದೆ ಹಗುರ ಅಲಾಯ್ ಹಾಕಿಸಿದೆ. ನಿಧಾನಕ್ಕೆ ಹೋಗುವಾಗ ಮುಂದಿನ ಎಡ ವೀಲಿನಿಂದ ಟಿಕ್ ಟಿಕ್ ಸದ್ದು. 80ರ ಮೇಲೆ ಸ್ಟೀರಿಂಗ್ ನಡುಗುತ್ತೆ, ಎರಡು ಸಲ ಬ್ಯಾಲೆನ್ಸಿಂಗ್ ಆಯ್ತು. ನಟ್ ಬಿಗಿ ಮಾಡಿದಾಗೆಲ್ಲ ಕಾಲು ಸುತ್ತು ಒಳಗೆ ಹೋಗುತ್ತೆ. ನಟ್ ಸುತ್ತ ಕಪ್ಪು ಪುಡಿ. ಸ್ಟಡ್ಡಿಗೆ (ನಟ್ ಕೂರುವ ಬೋಲ್ಟಿಗೆ) ಆಯಿಲ್ ಹಚ್ಚಿ, ಪಾನಾಕ್ಕೆ ಪೈಪ್ ಸಿಕ್ಕಿಸಿ ಜಗ್ಗು, ಸರಿಹೋಗುತ್ತೆ ಅಂತ ಸ್ನೇಹಿತರು ಹೇಳ್ತಿದ್ದಾರೆ.

ಚಕ್ರಪಾಣಿ: ಕಾರು ಈಗ ಎಲ್ಲಿದೆ?

ಒಂಟಿಸವಾರ: ಮನೆ ಮುಂದೆ. ನಾಳೆ ಬೆಳಿಗ್ಗೆ 200 ಕಿ.ಮೀ. ಹೋಗೋದಿದೆ.

ಚಕ್ರಪಾಣಿ: ಹೋಗಬೇಡಿ. ಅಲಾಯ್ ಜೊತೆ ಹೊಸ ನಟ್ ಕೊಟ್ಟರಾ, ಹಳೆಯದನ್ನೇ ಹಾಕಿದರಾ?

ಒಂಟಿಸವಾರ: ಹಳೆಯದೇ. ಕಂಪನಿ ನಟ್ ಗಟ್ಟಿ ಇರುತ್ತೆ ಅಂದ್ರು.

ಚಕ್ರಪಾಣಿ: ಅಲ್ಲೇ ಇದೆ ಎಡವಟ್ಟು. ಇದನ್ನು ಎಲ್ಲರೂ ಓದಿ. ಹೋಂಡಾ ಕಂಪನಿ ನಟ್ಟಿನ ತಳ ಚೆಂಡಿನ ಹಾಗೆ ದುಂಡಗಿರುತ್ತೆ. ಹೊರಗಿನ ಅಲಾಯ್‌ಗಳ ತೂತು ಸಾಮಾನ್ಯವಾಗಿ ಲಾಳಿಕೆಯ ಹಾಗೆ ಇಳಿಜಾರು, 60 ಡಿಗ್ರಿ. ಲಾಳಿಕೆಯಲ್ಲಿ ಗೋಲಿ ಇಟ್ಟು ನೋಡಿ: ಮುಟ್ಟೋದು ದಾರದಷ್ಟು ತೆಳು ಒಂದು ಗೆರೆಯಲ್ಲಿ ಮಾತ್ರ. ಅಷ್ಟು ತೆಳು ಗೆರೆಯ ಮೇಲೆ ಪೂರ್ತಿ ಬಿಗಿ ಬಿದ್ದಾಗ ಅಲ್ಯೂಮಿನಿಯಂ ತಗ್ಗುತ್ತೆ. ತಗ್ಗಿದಷ್ಟು ಬಿಗಿ ಹೋಯಿತು. ನೀವು ಮತ್ತೆ ಬಿಗಿ ಮಾಡ್ತೀರಿ, ಅದು ಮತ್ತೆ ತಗ್ಗುತ್ತೆ. ನಿಮ್ಮ ಕಾಲು ಸುತ್ತು ಅದೇ. ಕಪ್ಪು ಪುಡಿ ನಿಮ್ಮ ವೀಲೇ, ಅರೆದು ಬಂದದ್ದು.

ಕಾರಿನ ಭಾರವನ್ನು ಸ್ಟಡ್ ಹೊರುತ್ತೆ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಇಲ್ಲ. ನಟ್ಟುಗಳು ವೀಲನ್ನು ಹಬ್ಬಿಗೆ, ಅಂದರೆ ಅದು ಕೂರುವ ಲೋಹದ ತಟ್ಟೆಗೆ, ಅವುಚಿ ಹಿಡಿದಿರುತ್ತವೆ, ಆ ಎರಡು ಮುಖಗಳ ನಡುವಿನ ಘರ್ಷಣೆಯೇ ಕೆಲಸ ಮಾಡೋದು. ಹಿಡಿತ ಸಡಿಲವಾದ ಕೂಡಲೇ ವೀಲ್ ಕೂದಲೆಳೆಯಷ್ಟು ಜಾರುತ್ತೆ, ಸುತ್ತಿಗೆ ಒಂದು ಸಲ ಟಿಕ್ ಅನ್ನುತ್ತೆ. ಆಗ ಸ್ಟಡ್ ಮಡಚಿ ಮಡಚಿ ದಣಿಯುತ್ತೆ. ಒಂದು ಮುರಿದರೆ ಉಳಿದ ಮೂರಕ್ಕೆ ಅದರ ಪಾಲೂ ಬೀಳುತ್ತೆ. ಆಮೇಲೆ ಹೆಚ್ಚು ಹೊತ್ತು ಇರಲ್ಲ.

ಆಯಿಲ್ ವಿಷಯ. ಒಣ ನಟ್ಟಿಗೆ ಕೊಟ್ಟ ಬಲದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತೆ, ಉಳಿದ ಒಂದು ಪಾಲು ಸ್ಟಡ್ಡನ್ನು ಎಳೆಯುತ್ತೆ. ಆಯಿಲ್ ಹಚ್ಚಿ ಘರ್ಷಣೆ ತಗ್ಗಿಸಿದರೆ ಅದೇ ಬಲಕ್ಕೆ ಸ್ಟಡ್ ಮಿತಿ ಮೀರಿ ಹಿಗ್ಗುತ್ತೆ. ಅದರ ಮೇಲೆ ಪೈಪ್ ಬೇರೆ. ದಣಿದ ಸ್ಟಡ್ಡನ್ನು ಮುಗಿಸಲು ಇದಕ್ಕಿಂತ ಒಳ್ಳೇ ದಾರಿ ಇಲ್ಲ.

ಹಳೇ ನಾಲ್ಕು ವೀಲ್ ಮನೆಯಲ್ಲಿದ್ದರೂ ಆ ಸ್ಟಡ್ ಮೇಲೆ ಹಾಕಿ ಓಡಿಸಬೇಡಿ. ಮೊದಲು ಎಡ ವೀಲ್ ಬಿಚ್ಚಿ. ನಟ್ ಕೂರುವ ಜಾಗ ದುಂಡಗೇ ಇದೆಯಾ, ಮೊಟ್ಟೆಯ ಆಕಾರಕ್ಕೆ ಬಂದಿದೆಯಾ ನೋಡಿ. ಮೊಟ್ಟೆಯಾಗಿದ್ದರೆ ವೀಲ್ ಗುಜರಿಗೆ. ನಡುವಿನ ತೂತನ್ನೂ ಅಳೆಯಿರಿ: ಹೋಂಡಾ ಹಬ್ 56.1 ಮಿ.ಮೀ., ಹೊರಗಿನ ವೀಲ್ ಹಲವು ಸಲ 67.1 ಅಥವಾ 73.1 ಇರುತ್ತೆ. ನಡುವೆ ಸರಿಯಾದ ರಿಂಗ್ ಇಲ್ಲದಿದ್ದರೆ ವೀಲ್ ನಡುಮಧ್ಯೆ ಕೂರಲ್ಲ, ನೂರು ಸಲ ಬ್ಯಾಲೆನ್ಸ್ ಮಾಡಿದರೂ ನಡುಕ ಹೋಗಲ್ಲ. ಹೊಸ ನಟ್ 12 ಮಿ.ಮೀ., 1.5 ಪಿಚ್ (ಎಳೆಯಿಂದ ಎಳೆಗೆ 1.5 ಮಿ.ಮೀ.), ಇಳಿಜಾರು ತಳದ್ದೇ ಬೇಕು.

ಹಳೇಗೇರು: ನಟ್ಟಿನ ತಳ ಯಾವುದು ಅಂತ ನಮ್ಮಂಥವರು ಗುರುತಿಸೋದು ಹೇಗೆ?

ಚಕ್ರಪಾಣಿ: ಒಳ್ಳೇ ಪ್ರಶ್ನೆ. ನಟ್ಟಿನ ತಳಕ್ಕೆ ಮಾರ್ಕರ್ ಪೆನ್ನಿಂದ ಬಣ್ಣ ಬಳಿಯಿರಿ. ಒಣಗಿದ ಮೇಲೆ ಪಾನಾದಿಂದ ಹಗುರವಾಗಿ ಬಿಗಿದು ಬಿಚ್ಚಿ. ಬಣ್ಣ ಅಗಲವಾದ ಪಟ್ಟಿಯಾಗಿ ಅಳಿಸಿದ್ದರೆ ಸರಿ. ಕೂದಲಿನಂಥ ಒಂದು ಗೆರೆ ಮಾತ್ರ ಅಳಿಸಿದ್ದರೆ ಆ ನಟ್ ಆ ವೀಲಿನದ್ದಲ್ಲ.

ಮೈಲೇಜ್‌ಮಾಂತ್ರಿಕ: ಇಷ್ಟೆಲ್ಲ ತಲೆಬಿಸಿ ಯಾಕೆ ಗುರು? ಕಂಪನಿ ಡಿಸ್ಕ್ ಇರಲಿ, 50 ಪಿಎಸ್‌ಐ ಗಾಳಿ ಹೊಡಿ. ನಾನು ಎರಡು ವರ್ಷದಿಂದ ಹಾಗೇ ಓಡಿಸ್ತಿದ್ದೀನಿ.

ಹಳೇಗೇರು: 50? ಸೈಡ್‌ವಾಲ್ ಮೇಲೆ 44 ಗರಿಷ್ಠ ಅಂತ ಇರೋದನ್ನು ಓದಿದ್ದೀರಾ?

ಮೈಲೇಜ್‌ಮಾಂತ್ರಿಕ: ನಂದರಲ್ಲಿ 51 ಇದೆ. ನೀವು ನಿಮ್ಮದನ್ನು ಓದಿಕೊಳ್ಳಿ.

ಹಳೇಗೇರು: ಬ್ರೇಕ್ ಒತ್ತಿಕೊಂಡು ಹೊಂಡದ ಮೇಲೆ ಹೋದಾಗ ಕಾರು ಒಂದು ಕ್ಷಣ ಮುಂದೆ ನುಗ್ಗಿದ ಹಾಗೆ ಆಗಲ್ವಾ?

ಮೈಲೇಜ್‌ಮಾಂತ್ರಿಕ: ಆಗುತ್ತೆ. ಹೈಬ್ರಿಡ್ ಎಲ್ಲದರಲ್ಲೂ ಆಗುತ್ತೆ.

ಚಕ್ರಪಾಣಿ: ಆಗುತ್ತೆ, ನಿಮ್ಮದರಲ್ಲಿ ಹೆಚ್ಚು ಆಗುತ್ತೆ. ಟೈರ್ ನೆಲ ಬಿಟ್ಟು ಜಾರಿದ್ದು ಗೊತ್ತಾದ ಕೂಡಲೇ ಕಂಪ್ಯೂಟರ್ ಮೋಟರಿನ ಬ್ರೇಕನ್ನು ಬಿಟ್ಟು ಪ್ಯಾಡಿನ ಬ್ರೇಕಿಗೆ ಬದಲಾಗುತ್ತೆ. ಆ ಸಂದಿಯೇ ನುಗ್ಗು. ಕಲ್ಲಿನಂತೆ ಗಾಳಿ ತುಂಬಿದ ಟೈರ್ ನೆಲ ಬಿಡೋದೂ ಹೆಚ್ಚು. ಬಾಗಿಲ ಬಳಿಯ ಸ್ಟಿಕ್ಕರಿಗಿಂತ 2–3 ಪಿಎಸ್‌ಐ ಮೇಲೆ ಇರಲಿ, ಸಾಕು.

ಮೈಲೇಜ್‌ಮಾಂತ್ರಿಕ: ಪುಸ್ತಕದ ಮಾತು. ಓಡಿಸೋರಿಗೆ ಗೊತ್ತು.

ಹಳೇಗೇರು: ಓಡಿಸೋರಿಗೆ ಗೊತ್ತಿಲ್ಲದಿದ್ದರೆ ಮುಂದಿನ ಗಾಡಿಯವರಿಗೆ ಗೊತ್ತಾಗುತ್ತೆ ಬಿಡಿ.

ಮೈಲೇಜ್‌ಮಾಂತ್ರಿಕ: ನಾಲಿಗೆ ಬಿಗಿ ಹಿಡೀರಿ ಸ್ವಾಮಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಹಸಿರುಎಲೆ: ಸ್ಟೆಪ್ನಿ ಬಗ್ಗೆ ಕೇಳಿದ್ದೆ.

ಕಪ್ಪುಕುದುರೆ: ಸರ್, ಅರ್ಧ ಬೆಲೆಗೆ ರೇಸಿಂಗ್ ಅಲಾಯ್ ಸಿಗ್ತಿದೆ, ಒಂದಕ್ಕೆ 5 ಕೆ.ಜಿ.ಯೂ ಇಲ್ಲ. ಫೋರ್ಜ್ಡ್ (ಎರಕವಲ್ಲ, ಒತ್ತಿ ಮಾಡಿದ್ದು) ಅಂತೆ. ತಗೊಳ್ಳಲಾ?

ಚಕ್ರಪಾಣಿ: ಒಳಮುಖ ತಿರುಗಿಸಿ ನೋಡಿ. ಜಪಾನಿನ ಮಾನದಂಡದ ಜೆಡಬ್ಲ್ಯೂಎಲ್ ಅಚ್ಚು ಅಥವಾ ಅಂಥ ಬೇರೆ ಪರೀಕ್ಷೆಯ ಗುರುತು, ಜೊತೆಗೆ ಒಂದು ವೀಲ್ ಎಷ್ಟು ಕೆ.ಜಿ. ಹೊರುತ್ತೆ ಅನ್ನುವ ಅಂಕಿ ಎರಕದಲ್ಲೇ ಇರಬೇಕು. ಆ ಅಂಕಿ ನಿಮ್ಮ ಮುಂದಿನ ಆಕ್ಸಲ್ಲಿನ ಅನುಮತಿಸಿದ ಭಾರದ ಅರ್ಧಕ್ಕಿಂತ ಹೆಚ್ಚಿರಬೇಕು. ಬ್ಯಾಟರಿ ಇರೋದರಿಂದ ಹೈಬ್ರಿಡ್ ತನ್ನ ಪೆಟ್ರೋಲ್ ಅಣ್ಣನಿಗಿಂತ ಭಾರ, ಅದನ್ನು ಮರೀಬೇಡಿ. ಟೈರಿಗೂ ಅದೇ, ಸೈಜಿನ ಪಕ್ಕ ಭಾರದ ಅಂಕಿ ಇರುತ್ತೆ: 82 ಅಂದರೆ 475 ಕೆ.ಜಿ., 84 ಅಂದರೆ 500. ಕಂಪನಿ ಕೊಟ್ಟದ್ದಕ್ಕಿಂತ ಕೆಳಗೆ ಇಳಿಯಬೇಡಿ. ಅಚ್ಚಿಲ್ಲದ ಜಾಗದಲ್ಲಿ ಸ್ಟಿಕ್ಕರ್ ಅಂಟಿಸಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಜ್ಞಾನಗಂಗೆ: ಒಂಟಿಸವಾರ ಅವರೇ, ನಟ್ ಲೂಸ್ ಆಗದಿರಲು ಸ್ಟಡ್ಡಿಗೆ ಹತ್ತಿ ದಾರ ಸುತ್ತಿ ಹಾಕಿ. ಒಂದು ಗುಂಪಿನಲ್ಲಿ ಬಂದಿತ್ತು.

ಚಕ್ರಪಾಣಿ: ಯಾರೂ ದಾರ ಸುತ್ತಬೇಡಿ. ಅಡ್ಮಿನ್, ಅದನ್ನು ಅಳಿಸಿ. ಇದು ಮೈಲೇಜಿನ ಮಾತಲ್ಲ, ಚಲಿಸುವ ಕಾರಿನಿಂದ ವೀಲ್ ಕಳಚುವ ಮಾತು.

ಜ್ಞಾನಗಂಗೆ: ಸಹಾಯ ಮಾಡೋಕೆ ಹೋದರೆ ಹೀಗೆ.

ನೀಲಿಬಾನು: 15ರಿಂದ 16 ಇಂಚಿಗೆ ಹೋಗಬಹುದಾ ಸರ್?

ಚಕ್ರಪಾಣಿ: ಮೇಲೆ ಓದಿ.

ಒಂಟಿಸವಾರ: ಸರ್, ಟಾರ್ಚ್ ಹಿಡಿದು ಬಿಚ್ಚಿ ನೋಡಿದೆ. ಮೂರನೇ ನಟ್ ಬಿಚ್ಚುವಾಗ ಸ್ಟಡ್ ಸಮೇತ ಕೈಗೆ ಬಂತು. ಮುರಿದ ಜಾಗದಲ್ಲಿ ಅರ್ಧ ತುಕ್ಕು ಬಣ್ಣ, ಅರ್ಧ ಹೊಳೆಯುತ್ತಿದೆ. ವೀಲಿನ ಎರಡು ತೂತು ಮೊಟ್ಟೆ ಆಕಾರ. ರಿಂಗ್ ಇಲ್ಲವೇ ಇಲ್ಲ.

ಚಕ್ರಪಾಣಿ: ತುಕ್ಕು ಬಣ್ಣದ ಅರ್ಧ ಎಷ್ಟೋ ದಿನದ ಹಿಂದೆ ಬಿರುಕು ಬಿಟ್ಟದ್ದು, ಹೊಳೆಯೋದು ಈಗ. ನಾಳೆಯ ಪ್ರಯಾಣ ಆ ಹೊಳೆಯುವ ಅರ್ಧದ ಮೇಲೆ ಇತ್ತು. ಆ ಹಬ್ಬಿನ ನಾಲ್ಕೂ ಸ್ಟಡ್ ಬದಲಾಯಿಸಿ, ಮುರಿದದ್ದೊಂದನ್ನೇ ಅಲ್ಲ. ಉಳಿದ ಮೂರು ವೀಲನ್ನೂ ಬಿಚ್ಚಿಸಿ ನೋಡಿ, ಅವಕ್ಕೂ ಅದೇ ನಟ್ ತಾನೇ. ಹಬ್ಬಿನ ಮುಖದ ತುಕ್ಕು ಉಜ್ಜಿಸಿ. ಟಾರ್ಕ್ ರೆಂಚಿನಲ್ಲಿ (ಬಿಗಿ ಅಳೆಯುವ ಪಾನಾ) 108 ನ್ಯೂಟನ್ ಮೀಟರ್, ಎದುರುಬದುರು ನಟ್ ಕ್ರಮದಲ್ಲಿ, ಒಣಗಿದ ಸ್ಟಡ್ ಮೇಲೆ. 100 ಕಿ.ಮೀ. ಆದ ಮೇಲೆ ಮತ್ತೊಮ್ಮೆ. ಆಗಲೂ ನಟ್ ತಿರುಗಿದರೆ ಅಲ್ಲೇ ನಿಲ್ಲಿಸಿ ನನಗೆ ಫೋನ್ ಮಾಡಿ.

ಒಂಟಿಸವಾರ: ಬಸ್ಸಿಗೆ ಟಿಕೆಟ್ ತಗೊಂಡೆ ಸರ್.

ಚಕ್ರಪಾಣಿ: ಒಳ್ಳೇದಾಯ್ತು. ನಾನು ಹೊರಡ್ತೀನಿ, ಅಂಗಡಿ ಮುಚ್ಚಬೇಕು.

ಹಸಿರುಎಲೆ: ಸ್ಟೆಪ್ನಿ?

ಸವಿಗಾಳಿ: ಸರ್, 17 ಇಂಚು ಹಾಕಿದರೆ?