‘ಟರ್ಮ್ಸ್ ಆಫ್ ಸರ್ವೀಸ್’: ನಿಯಮವೋ, ಷರತ್ತೋ, ಕರಾರೋ?

ಗೆಳೆಯರೇ, ನಮಸ್ಕಾರ.

ಶಿರಸಿಯಲ್ಲಿರುವ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾರಲು ಒಂದು ಪುಟ್ಟ ವೆಬ್‌ಸೈಟ್ ಮಾಡಿಸಿದ್ದಾರೆ. ಅದರ ‘ಟರ್ಮ್ಸ್ ಆಫ್ ಸರ್ವೀಸ್’ ಪುಟ, ಅಂದರೆ ಮಾರುವವರೂ ಕೊಳ್ಳುವವರೂ ಒಪ್ಪಿ ನಡೆಯಬೇಕಾದ ಮಾತುಗಳ ಪುಟ, ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ತಲೆಬರಹದಲ್ಲೇ ಸಿಕ್ಕಿಕೊಂಡು ಕೂತಿದ್ದೇನೆ.

ಗೂಗಲ್ ‘ಸೇವಾ ನಿಯಮಗಳು’ ಎನ್ನುತ್ತದೆ. ನೋಡಿ ನೋಡಿ ಅಭ್ಯಾಸವಾಗಿದೆ, ನಿಜ. ಆದರೆ ನಿಯಮ ಅಂದರೆ ಒಬ್ಬರು ಮಾಡುವುದು, ಇನ್ನೊಬ್ಬರು ಪಾಲಿಸುವುದು. ಸರ್ಕಾರಿ ಕನ್ನಡದಲ್ಲೂ ಅಧಿನಿಯಮದ ಕೆಳಗೆ ಸರ್ಕಾರ ರಚಿಸುವುದೇ ನಿಯಮ. ಅತ್ತಿಗೆ ಕರಡು ಓದಿ, “ನಿಯಮ ಅಂದ್ಮೇಲೆ ಮುಗೀತು, ಮತ್ತೆ ಕೆಳಗೆ ‘ಒಪ್ಪುತ್ತೀರಾ’ ಅಂತ ಯಾಕೆ ಕೇಳ್ತೀಯ?” ಅಂದರು. ಸರಿಯಾದ ಮಾತು ಅಲ್ವಾ? ಇದು ಇಬ್ಬರು ಸೇರಿ ಮಾಡಿಕೊಳ್ಳುವ ವ್ಯವಹಾರ. 1872ರ ಕಾಂಟ್ರಾಕ್ಟ್ ಕಾಯ್ದೆಯ 13ನೇ ಕಲಮಿನ ಪ್ರಕಾರ, ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ.

‘ಷರತ್ತು’ ಅಂದರೆ ‘ಷರತ್ತುಗಳು ಅನ್ವಯಿಸುತ್ತವೆ’ ಎಂಬ ಇರುವೆ ಸಾಲಿನಂಥ ಅಕ್ಷರ ನೆನಪಾಗುತ್ತದೆ. ಅದೂ ಅಲ್ಲದೆ ಷರತ್ತಿನಲ್ಲಿ ಒಂದು ‘ಆದರೆ’ ಇರಲೇಬೇಕು: “ಬರ್ತೀನಿ, ಆದ್ರೆ ಒಂದು ಷರತ್ತು.” ‘ಐದು ದಿನದೊಳಗೆ ಪಾರ್ಸೆಲ್ ಕಳಿಸುತ್ತೇವೆ’ ಅನ್ನುವುದು ಷರತ್ತಲ್ಲ, ಕೊಟ್ಟ ಮಾತು.

ನನ್ನ ಒಲವು ‘ಬಳಕೆಯ ಕರಾರು’ ಕಡೆಗೆ. ಬಾಡಿಗೆ ಕರಾರು ಅಂದಾಗ ಇಬ್ಬರೂ ಕೂತು ರುಜು ಹಾಕುವ ಚಿತ್ರ ಬರುತ್ತದೆ. ಮನೆಯಾಕೆ ಮಾತ್ರ, “ಉಪ್ಪಿನಕಾಯಿಗೆ ಅಡ್ವಾನ್ಸ್ ಕೊಡಬೇಕಾ?” ಅಂತ ನಕ್ಕಳು.

ಇದಕ್ಕಿಂತ ಜಾಸ್ತಿ ಕಾಟ ಕೊಟ್ಟದ್ದು ‘ಬಹುದು’. ಇಂಗ್ಲಿಷ್ ಮಾದರಿಯಲ್ಲಿದ್ದ ‘ಮೇ ಕ್ಯಾನ್ಸಲ್’ ಅನ್ನು ‘ನಾವು ಆರ್ಡರ್ ರದ್ದು ಮಾಡಬಹುದು’ ಎಂದು ಬರೆದೆ. ಅಲ್ಲಿ ಹೇಳಬೇಕಾದ್ದು ಅಧಿಕಾರ. ಆದರೆ ಕನ್ನಡದಲ್ಲಿ ಅದು ‘ಇವತ್ತು ಮಳೆ ಬರಬಹುದು’ ಅನ್ನುವ ಧಾಟಿಯಲ್ಲೂ ಕೇಳುತ್ತದೆ. ‘ರದ್ದು ಮಾಡುವ ಹಕ್ಕು ನಮಗಿದೆ’ ಅಂದರೆ ಜಗಳಕ್ಕೆ ನಿಂತ ಹಾಗೆ. ಕೊನೆಗೆ, ‘ಮಿಡಿ ಮುಗಿದಿದ್ದರೆ ಆರ್ಡರ್ ರದ್ದು ಮಾಡಿ, ಪೂರ್ತಿ ಹಣ ವಾಪಸ್ ಕೊಡುತ್ತೇವೆ’ ಎಂದು ಬಿಡಿಸಿ ಬರೆದೆ. ಅರ್ಥ ತಿಳಿಯಾಯಿತು, ಆದರೆ ಬೇರೆ ಕಾರಣಕ್ಕೆ ರದ್ದು ಮಾಡುವ ದಾರಿ ಮುಚ್ಚಿತು. ಇದಕ್ಕೆ ಯಾರಾದರೂ ಒಳ್ಳೆಯ ವಾಕ್ಯ ಕೊಡಿ.

ಮಾಡಲೇಬೇಕು ಅನ್ನುವ ಇಂಗ್ಲಿಷಿನ ‘ಶಲ್’ಗೆ ಕಾನೂನಿನ ಕನ್ನಡದಲ್ಲಿ ‘ತಕ್ಕದ್ದು’ ಇದೆ. ‘ಬಾಟಲಿ ಒಡೆದು ಬಂದರೆ ಎರಡು ದಿನದೊಳಗೆ ಫೋಟೋ ಕಳಿಸತಕ್ಕದ್ದು’ ಅಂದರೆ ಗಿರಾಕಿ ಓಡಿಹೋಗುತ್ತಾರೆ. ‘ಕಳಿಸಬೇಕು’ ಸಾಕು.

‘ಇಂಡೆಮ್ನಿಟಿ’ಗೆ, ಅಂದರೆ ಇನ್ನೊಬ್ಬರಿಗಾದ ನಷ್ಟ ತುಂಬಿಕೊಡುವ ಮಾತಿಗೆ, ನಮ್ಮ ದಸ್ತಾವೇಜು ಬರೆಯುವವರ ಭಾಷೆ ಎಷ್ಟು ಚೆನ್ನಾಗಿದೆ! ಅಪ್ಪನ ಹಳೇ ಕ್ರಯಪತ್ರದಲ್ಲಿ ‘ಯಾವುದೇ ತಂಟೆ ತಕರಾರು ಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ’ ಎಂದಿದೆ. ‘ನಷ್ಟ ಪರಿಹಾರ ಬಾಧ್ಯತೆ’ ಅನ್ನುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ. ‘ಲಯಬಿಲಿಟಿ’ಗೆ ‘ಹೊಣೆ’ ಹಾಕಿದ್ದೇನೆ. ‘ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು’ ಬೋರ್ಡಿನಿಂದಾಗಿ ‘ಜವಾಬ್ದಾರಿ’ ಅಂದರೆ ಕೈ ತೊಳೆದುಕೊಂಡ ಹಾಗೆ ಕೇಳುತ್ತದೆ, ನನಗೆ.

ಇದು ಸುಮ್ನೆ ಕನ್ನಡದ ಹಟ ಅಲ್ಲ. ಫೋನ್ ನಂಬರು, ವಿಳಾಸ ಬಳಸಲು ಒಪ್ಪಿಗೆ ಕೇಳುವಾಗ ಭಾಷೆ ಸರಳವಾಗಿರಬೇಕು, ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಇರಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಕಲಮೇ ಹೇಳುತ್ತದೆ.

ಇನ್ನು ಬಟನ್ ಉಳಿದಿದೆ. ‘ಸಮ್ಮತಿಸುತ್ತೇನೆ’ ಬೇಡವೇ ಬೇಡ. ‘ಒಪ್ಪುತ್ತೇನೆ’ ಅಂದರೆ ಮುಂದೆ ಯಾವತ್ತೋ ಒಪ್ಪುವೆ ಅಂತಲೂ ಆಗುತ್ತದೆ. ‘ಓದಿ ಒಪ್ಪಿದ್ದೇನೆ’ ಹಾಕಲೇ? ಓದದೆ ಒತ್ತುವವರೇ ಜಾಸ್ತಿ, ಅವರಿಂದ ಸುಳ್ಳು ಹೇಳಿಸಿದ ಹಾಗಾಗುತ್ತದೆ ಅನ್ನುವುದು ಅತ್ತಿಗೆಯ ತಕರಾರು. ಸೋಮವಾರದೊಳಗೆ ತಿಳಿಸಿದರೆ ಉಪಕಾರ.